ಸಪ್ತಾಂಗಗಳ ಕ್ರಮವೂ ಕೌಟಿಲೀಯದ ವ್ಯಸನವಾದವೂ

ಅಮರಕೋಶವನ್ನು ಬಾಲ್ಯದಲ್ಲಿಯೇ ಕಂಠಪಾಠಮಾಡಿದವರಿಗೆ ರಾಜ್ಯಾಂಗಗಳೇಳರ ಹೆಸರುಗಳು ಒಂದು ನಿಶ್ಚಿತವಾದ ಸರಣಿಯಲ್ಲಿಯೇ ನೆನಪಿಗೆ ಬರುತ್ತವೆ. ಸ್ವಾಮಿ, ಅಮಾತ್ಯ, ಇವರಾದ ಕೂಡಲೇ ಸುಹೃತ್ತು, ಅನಂತರ ಕೋಶ, ರಾಷ್ಟ್ರ, ದುರ್ಗ, ಬಲ ಎಂಬುದೇ ಆ ಸರಣಿ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವನ್ನು ತೆರೆದರೆ ಕ್ರಮವು ಬೇರೆಯಾಗಿದೆ. ಅಲ್ಲಿ ಸ್ವಾಮ್ಯಮಾತ್ಯರ ಬಳಿಕ ಪುರವೂ, ಪುರದ ಬಳಿಕ ರಾಷ್ಟ್ರವೂ, ಆಮೇಲೆ ಕೋಶದಂಡಗಳೂ ಬಂದು ಸುಹೃತ್ತು ಕಟ್ಟಕಡೆಯಲ್ಲಿ ನಿಲ್ಲುತ್ತಾನೆ. ಯಾಜ್ಞವಲ್ಕ್ಯನೂ ಕಾಮಂದಕನೂ ಮನುವಿನ ಪುರರಾಷ್ಟ್ರಗಳ ಸ್ಥಾನಗಳನ್ನು ಅದಲುಬದಲುಮಾಡಿ, ಜನ ಅಥವಾ ರಾಷ್ಟ್ರವನ್ನು ಮೂರನೆಯದಾಗಿಯೂ ದುರ್ಗವನ್ನು ನಾಲ್ಕನೆಯದಾಗಿಯೂ ಎಣಿಸಿದ್ದಾರೆ. ಅಮರಸಿಂಹನು ಬರೆದುದು ಕೋಶ. ಆತನು ಛಂದಸ್ಸಿನ ಅನುಕೂಲವನ್ನು ನೋಡಿದನೆಂದು ಹೇಳಿ ಮುಂದುವರಿಯಬಹುದು. ಮನುವಿನ ವಿಷಯದಲ್ಲಿ ಹಾಗೆ ಹೇಳಲಾಗದು. ಏಕೆಂದರೆ ಮುಂದಿನ ಶ್ಲೋಕದಲ್ಲಿಯೇ, ಈ ಏಳು ಪ್ರಕೃತಿಗಳಲ್ಲಿ ಹಿಂದುಹಿಂದಿನದಕ್ಕೆ ಒದಗುವ ವ್ಯಸನವು ಮುಂದುಮುಂದಿನದರ ವ್ಯಸನಕ್ಕಿಂತ ಗುರುತರವೆಂದು ತಿಳಿಯಬೇಕೆಂಬ ವಿಧಿಯಿದೆ. ಹೀಗಿರಲು ಸರಣಿಯಲ್ಲಿ ಒಂದು ಹೆಸರು ಹಿಂದುಮುಂದಾದರೆ, ಆಪತ್ತಿನಲ್ಲಿ ಕೋಟೆಯನ್ನು ಮೊದಲು ಕಾಯಬೇಕೋ ನಾಡನ್ನು ಮೊದಲು ಕಾಯಬೇಕೋ ಎಂಬ ಪ್ರಶ್ನೆಗೆ ಉತ್ತರವೇ ಬೇರೆಯಾಗಿಬಿಡುತ್ತದೆ.

ಈ ಪ್ರಶ್ನೆಯು ಪೂರ್ವೋತ್ತರಪಕ್ಷಗಳೊಡನೆ ವಿಸ್ತಾರವಾಗಿ ವಿಚಾರಿತವಾಗಿರುವ ಸ್ಥಳವು ಕೌಟಿಲೀಯ ಅರ್ಥಶಾಸ್ತ್ರದ ಎಂಟನೆಯದಾದ ವ್ಯಸನಾಧಿಕಾರಿಕವೆಂಬ ಅಧಿಕರಣ. ಈ ಗ್ರಂಥವು ಲೋಕಕ್ಕೆ ಮರಳಿ ದೊರೆತ ಬಗೆಯು ಕನ್ನಡಿಗರಿಗೆ ಅಪರಿಚಿತವಲ್ಲ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯಪುಸ್ತಕಾಲಯಕ್ಕೆ ಒಪ್ಪಿಸಿದ ಗ್ರಂಥಾಕ್ಷರದ ತಾಳೆಯೋಲೆಯ ಪ್ರತಿಯನ್ನೂ, ಅದರೊಡನೆಯೇ ಬಂದ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕನ್ನೂ ರುದ್ರಪಟ್ಟಣದ ಶಾಮಶಾಸ್ತ್ರಿಗಳವರು ೧೯೦೫ರಲ್ಲಿ ಗುರುತಿಸಿದರು. ಮೂಲವು ೧೯೦೯ರಲ್ಲಿ ಮುದ್ರಿತವಾಯಿತು. ಪೂರ್ಣವಾದ ಇಂಗ್ಲಿಷ್ ಭಾಷಾಂತರವು ೧೯೧೫ರಲ್ಲಿ ಹೊರಬಂದಿತು. ಅಂದಿನಿಂದ ವಿದ್ವಲ್ಲೋಕದ ದೃಷ್ಟಿಯು ಬಹುಮಟ್ಟಿಗೆ ಗ್ರಂಥದ ಕಾಲದ ಮೇಲೆಯೂ ಕರ್ತೃವಿನ ಮೇಲೆಯೂ ನೆಟ್ಟಿತು. ಹಿಲೆಬ್ರಾಂಟನು ೧೯೦೮ರಲ್ಲಿಯೇ ಇದು ಒಬ್ಬ ಕೌಟಿಲ್ಯನ ಕೃತಿಯಲ್ಲ, ಒಂದು ಸಂಪ್ರದಾಯದ ಕೃತಿಯೆಂದು ಶಂಕಿಸಿದನು. ಯಾಕೋಬಿಯು ಚಂದ್ರಗುಪ್ತನ ಮಂತ್ರಿಯೇ ಕರ್ತೃವೆಂಬ ಪಕ್ಷವನ್ನು ಹಿಡಿದನು. ಯೋಲಿಯು ೧೯೨೩-೨೪ರ ಲಾಹೋರಿನ ಸಂಸ್ಕರಣದಲ್ಲಿ ಗ್ರಂಥವನ್ನು ಕ್ರಿಸ್ತಶಕದ ಮೂರನೆಯ ಶತಮಾನಕ್ಕೆ ಇಳಿಸಿದನು. ಕಾಂಗಲೆಯವರು ೧೯೬೦ರಿಂದ ೧೯೬೫ರವರೆಗೆ ಪ್ರಕಟಿಸಿದ ಮೂರು ಸಂಪುಟಗಳಲ್ಲಿ ಪ್ರಾಚೀನತೆಯನ್ನು ಮತ್ತೆ ಸಮರ್ಥಿಸಿದರು. ೧೯೭೧ರಲ್ಲಿ ಟ್ರೌಟ್‌ಮನ್ನನು ಚಕಾರ, ಏವಕಾರ, ವಾಕಾರಗಳಂತಹ ನಿಪಾತಗಳು ಎಷ್ಟೆಷ್ಟು ಸಲ ಬಂದಿವೆಯೆಂದು ಎಣಿಸಿ, ಅಧಿಕರಣಗಳೆಲ್ಲವೂ ಒಂದೇ ಕೈಯವಲ್ಲವೆಂದು ವಾದಿಸಿದನು. ೨೦೧೩ರಲ್ಲಿ ಓಲಿವೆಲ್ಲನು ಕೌಟಿಲ್ಯನ ಮೂಲಕೃತಿಗೆ ತರುವಾಯ ಮತ್ತೊಂದು ಕೈಯಿಂದ ಶಾಸ್ತ್ರರೂಪವು ಬಂದಿತೆಂದು ನಿರೂಪಿಸಿದನು. ಕೌಟಿಲ್ಯನೋ ಕೌಟಲ್ಯನೋ ಎಂಬುದಕ್ಕೆ ವ್ಯಯವಾದ ಮಸಿಯೂ ಸ್ವಲ್ಪವಲ್ಲ. ಇವೆಲ್ಲವೂ ವಿಚಾರಾರ್ಹಗಳೇ. ಆದರೆ ಗ್ರಂಥದ ಹೊರಗೆ ನಡೆದ ಈ ವಾದದ ಗದ್ದಲದಲ್ಲಿ, ಗ್ರಂಥದ ಒಳಗೇ ನಡೆದಿರುವ ವಾದಕ್ಕೆ ತಕ್ಕಷ್ಟು ಆದರವು ಸಲ್ಲಲಿಲ್ಲ. ಪಾಠಪುಸ್ತಕಗಳಲ್ಲಂತೂ ಸಪ್ತಾಂಗಗಳ ಪಟ್ಟಿಯೊಂದು ಮಾತ್ರವೇ ಉಳಿದಿದೆ. ಆ ಪಟ್ಟಿಯ ಒಂದೊಂದು ಸ್ಥಾನವೂ ವಾದಮಾಡಿ ಗೆದ್ದುಕೊಂಡುದೆಂಬ ಸಂಗತಿಯು ವಿದ್ಯಾರ್ಥಿಗಳ ಕಿವಿಗೆ ಬೀಳುವುದೇ ಇಲ್ಲ.

ವ್ಯಸನಶಬ್ದವನ್ನು ಕನ್ನಡದಲ್ಲಿ ದುಃಖವೆಂಬ ಅರ್ಥದಲ್ಲಿಯೂ ದುರಭ್ಯಾಸವೆಂಬ ಅರ್ಥದಲ್ಲಿಯೂ ಬಳಸುತ್ತೇವೆಂಬ ರೂಢಿಯನ್ನು ಇಲ್ಲಿ ಬದಿಗಿಡಬೇಕು. ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದು ಯಾವುದೋ ಅದು ವ್ಯಸನವೆಂದು ಶಾಸ್ತ್ರಕಾರನ ನಿರ್ವಚನ. ಗುಣಗಳು ವಿಪರೀತವಾಗುವುದು, ಇಲ್ಲದಿರುವುದು, ದೋಷವು ಹೆಚ್ಚುವುದು, ವಿಷಯದಲ್ಲಿ ಅತ್ಯಾಸಕ್ತಿ, ಹೊರಗಿನಿಂದ ಬರುವ ಪೀಡೆ ಎಂದು ಅದು ಐದು ಬಗೆಯಾಗಿರುತ್ತದೆ. ಈ ವಿಚಾರವು ಏತಕ್ಕೆ ಬಂದಿತೆಂಬುದನ್ನೂ ಅಧಿಕರಣದ ಮೊದಲ ಮಾತಿನಲ್ಲಿಯೇ ಹೇಳಿದೆ. ತನಗೂ ಶತ್ರುವಿಗೂ ಏಕಕಾಲದಲ್ಲಿ ವ್ಯಸನಗಳು ಒದಗಿದಾಗ ದಂಡೆತ್ತಿಹೋಗುವುದು ಸುಕರವೋ, ತನ್ನನ್ನು ಕಾಪಾಡಿಕೊಳ್ಳುವುದು ಸುಕರವೋ ಎಂದು ನಿಶ್ಚಯಿಸುವುದಕ್ಕಾಗಿ ವ್ಯಸನಗಳ ಲಘುಗುರುತ್ವವನ್ನು ತಿಳಿಯಬೇಕು. ಹೀಗೆ ಇದು ಮಠದಲ್ಲಿ ಕುಳಿತು ಮಾಡಿದ ಶುಷ್ಕತರ್ಕವಲ್ಲ. ನೆರೆಹೊರೆಯ ಅರಸರ ನಡುವೆ ಸಿಕ್ಕಿಕೊಂಡಿರುವ ಒಂದು ರಾಜ್ಯವು ಇಂದು ಯಾವ ಗೋಡೆಯ ಬಿರುಕನ್ನು ಮೊದಲು ಮುಚ್ಚಬೇಕೆಂಬ ವಿಚಾರ.

ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಸರಣಿಯಲ್ಲಿ ಹಿಂದಿನದರ ವ್ಯಸನವೇ ದೊಡ್ಡದೆಂಬ ಆಚಾರ್ಯರ ಅಭಿಪ್ರಾಯವನ್ನು ಮೊದಲು ಇಟ್ಟು, ಅದರಲ್ಲಿ ಅಕ್ಕಪಕ್ಕದ ಎರಡೆರಡು ಅಂಗಗಳನ್ನು ತೆಗೆದುಕೊಂಡು ಒಬ್ಬೊಬ್ಬ ವಾದಿಯು ಅದನ್ನು ಆಕ್ಷೇಪಿಸುತ್ತಾನೆ. ಪ್ರತಿಯೊಂದಕ್ಕೂ ಅಲ್ಲವೆಂದು ಕೌಟಿಲ್ಯನ ಉತ್ತರವಿದೆ. ಸ್ವಾಮಿಗಿಂತ ಅಮಾತ್ಯರ ವ್ಯಸನವೇ ದೊಡ್ಡದೆಂದು ಭಾರದ್ವಾಜನ ಪಕ್ಷ. ಮಂತ್ರಾಲೋಚನೆ, ಆಯವ್ಯಯ, ದಂಡಪ್ರಯೋಗ, ಶತ್ರುಗಳನ್ನೂ ಆಟವಿಕರನ್ನೂ ತಡೆಯುವುದು, ರಾಜಕುಮಾರರ ರಕ್ಷಣೆ, ಇವೆಲ್ಲವೂ ಅಮಾತ್ಯರ ಅಧೀನ. ಅವರಿಲ್ಲದ ಅರಸನು ರೆಕ್ಕೆ ಕತ್ತರಿಸಿದ ಹಕ್ಕಿ. ಅದಕ್ಕೆ ಕೌಟಿಲ್ಯನು ಹೇಳುವುದೇನೆಂದರೆ, ಅಮಾತ್ಯರನ್ನು ನೇಮಿಸುವವನೂ ಕೆಟ್ಟವರನ್ನು ತೆಗೆದು ಬೇರೆಯವರನ್ನು ಇಡುವವನೂ ಅರಸನೇ. ಆತನ ಶೀಲವೆಂತಹುದೋ ಪ್ರಕೃತಿಗಳ ಶೀಲವೂ ಅಂತಹುದೇ. ಎರಡನೆಯ ವಾದಿಯಾದ ವಿಶಾಲಾಕ್ಷನು ಅಮಾತ್ಯರಿಗಿಂತ ಜನಪದವೇ ದೊಡ್ಡದೆಂದು, ಕೋಶ, ದಂಡ, ಕಾಡಿನ ಉತ್ಪತ್ತಿ, ಬಿಟ್ಟಿ, ವಾಹನ, ಧಾನ್ಯಸಂಗ್ರಹಗಳೆಲ್ಲವೂ ಜನಪದದಿಂದಲೇ ಹುಟ್ಟುವುವೆಂಬ ಕಾರಣವನ್ನು ಕೊಡುತ್ತಾನೆ. ಬರಿದಾದ ಭೂಮಿಯಲ್ಲಿ ಜನರನ್ನು ನೆಲೆಗೊಳಿಸುವುದೂ, ನಾಡಿನ ಯೋಗಕ್ಷೇಮವನ್ನು ನೋಡುವುದೂ ಅಮಾತ್ಯರಿಲ್ಲದೆ ಆಗದೆಂದು ಉತ್ತರ. ಈ ಎರಡು ಸಂಧಿಗಳಲ್ಲಿ ಉತ್ತರಪಕ್ಷವು ಸಾಮಾನ್ಯವಾದುದೆಂದೇ ಹೇಳಬೇಕಾಗಿದೆ. ಎಲ್ಲವನ್ನೂ ನೇಮಿಸುವವನು ಅರಸನಾದುದರಿಂದ ಎಲ್ಲವೂ ಅರಸನೇ ಎಂಬ ವಾದಕ್ಕೆ, ಆ ಅರಸನನ್ನು ವಿನೀತನನ್ನಾಗಿ ಮಾಡುವವರು ಯಾರೆಂಬ ಮರುಪ್ರಶ್ನೆಯನ್ನು ಭಾರದ್ವಾಜನು ಹಾಕಬಹುದಾಗಿತ್ತು. ಗ್ರಂಥದಲ್ಲಿ ಅವನಿಗೆ ಆ ಅವಕಾಶವು ದೊರೆಯಲಿಲ್ಲ.

ಮೂರನೆಯ ಸಂಧಿಯಲ್ಲಿ ವಿಚಾರವು ಗಂಭೀರವಾಗುತ್ತದೆ. ಜನಪದದುರ್ಗಗಳಲ್ಲಿ ದುರ್ಗವ್ಯಸನವೇ ದೊಡ್ಡದೆಂದು ಪಾರಾಶರರು ವಾದಿಸುತ್ತಾರೆ. ಅವರು ಕೊಡುವ ಹೇತುಗಳು ಲಕ್ಷ್ಯಾರ್ಹವಾದುವು. ಕೋಶವೂ ದಂಡವೂ ಸಿದ್ಧವಾಗುವುದು ದುರ್ಗದಲ್ಲಿ. ನಾಡಿಗೆ ಆಪತ್ತು ಬಂದಾಗ ಜನರು ಓಡಿಬಂದು ಸೇರುವ ನೆಲೆಯೂ ಅದೇ. ಪುರದ ಜನರು ನಾಡವರಿಗಿಂತ ಶಕ್ತರು, ಸ್ಥಿರರು, ಆಪತ್ತಿನಲ್ಲಿ ಅರಸನಿಗೆ ಸಹಾಯಕರು. ಇವಕ್ಕಿಂತಲೂ ತೀಕ್ಷ್ಣವಾದುದು ಕೊನೆಯ ಹೇತು: ಜಾನಪದರು ಶತ್ರುವಿಗೂ ನಮಗೂ ಸಾಧಾರಣರು. ಯಾವ ಅರಸನ ಪಡೆ ಬಂದರೂ ಉಳುವವನು ತನ್ನ ಹೊಲದಲ್ಲಿಯೇ ಇರಬೇಕು. ಬಂದವನಿಗೆ ಕಂದಾಯವನ್ನು ತೆತ್ತು ಬೆಳೆಯನ್ನು ಉಳಿಸಿಕೊಳ್ಳಬೇಕು. ಎರಡು ರಾಜ್ಯಗಳ ಎಲ್ಲೆಯಲ್ಲಿ ಬದುಕಿದ ಜನರ ಅನುಭವವೇ ಈ ಮಾತಿನಲ್ಲಿ ನುಡಿಯುತ್ತಿದೆ. ಇದನ್ನು ಕೇವಲ ಖಂಡನಕ್ಕಾಗಿ ಕಟ್ಟಿದ ಹುಲ್ಲುಬೊಂಬೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಕೌಟಿಲ್ಯನ ಸಮಾಧಾನವು ಜನಪದದ ಪರ. ದುರ್ಗ, ಕೋಶ, ದಂಡ, ಸೇತು, ವಾರ್ತೆ, ಇವುಗಳ ಬೇರು ಜನಪದದಲ್ಲಿದೆ. ಇಲ್ಲಿ ಸೇತುವೆಂದರೆ ಕೆರೆಕಟ್ಟೆ ಮೊದಲಾದ ನೀರಾವರಿಯ ಕಟ್ಟಡಗಳು. ವಾರ್ತೆಯೆಂದರೆ ಕೃಷಿ, ಪಾಶುಪಾಲ್ಯ, ವಾಣಿಜ್ಯಗಳು. ಶೌರ್ಯ, ಸ್ಥೈರ್ಯ, ದಕ್ಷತೆ, ಬಾಹುಳ್ಯಗಳು ನಾಡವರಲ್ಲಿಯೇ ಇರುವುವು. ಆಮೇಲೆ ಅವನು ಕೊಡುವ ದೃಷ್ಟಾಂತವು ಬೆಟ್ಟದ ಕೋಟೆಗಳನ್ನೂ ಹೊಳೆಯ ನಡುಗಡ್ಡೆಯ ಕೋಟೆಗಳನ್ನೂ ಕಂಡವರಿಗೆ ಕೂಡಲೇ ಮನಸ್ಸಿಗೆ ಹಿಡಿಯುತ್ತದೆ. ಎಷ್ಟೇ ದುರ್ಗಮವಾಗಿದ್ದರೂ ಸುತ್ತಲೂ ಜನಪದವಿಲ್ಲದಿದ್ದರೆ ಆ ಕೋಟೆಗಳಲ್ಲಿ ಯಾರೂ ವಾಸಮಾಡುವುದಿಲ್ಲ. ಕಲ್ಲಿನ ಗೋಡೆಯು ಅಕ್ಕಿಯನ್ನು ಬೆಳೆಯುವುದಿಲ್ಲವಷ್ಟೆ.

ಇಷ್ಟಕ್ಕೇ ನಿಂತಿದ್ದರೆ ಇದೂ ಒಂದು ಸಾಮಾನ್ಯನ್ಯಾಯವಾಗುತ್ತಿದ್ದಿತು. ಆದರೆ ಉತ್ತರದ ಕೊನೆಯಲ್ಲಿ ಒಂದು ಪುಟ್ಟ ಅಪವಾದವಿದೆ. ಬಹುಮಟ್ಟಿಗೆ ಕೃಷಿಕರೇ ತುಂಬಿರುವ ನಾಡಿನಲ್ಲಿ ದುರ್ಗವ್ಯಸನವು ದೊಡ್ಡದು. ಬಹುಮಟ್ಟಿಗೆ ಆಯುಧೋಪಜೀವಿಗಳೇ ತುಂಬಿರುವ ನಾಡಿನಲ್ಲಿ ಜನಪದವ್ಯಸನವು ದೊಡ್ಡದು. ಇದರ ಯುಕ್ತಿಯು ಸ್ಪಷ್ಟವಾಗಿದೆ. ಉಳುವವರ ನಾಡಿಗೆ ಗೋಡೆಯ ಆಸರೆ ಬೇಕು. ಹೋರಾಡುವವರ ನಾಡಿನಲ್ಲಿ ಜನರೇ ಗೋಡೆ, ಅವರು ಕೆಟ್ಟರೆ ಕೋಟೆಯಿದ್ದೂ ಪ್ರಯೋಜನವಿಲ್ಲ. ಇಡೀ ಚರ್ಚೆಯ ಮರ್ಮವು ಈ ಒಂದು ಮಾತಿನಲ್ಲಿದೆಯೆಂದು ಹೇಳಬಹುದಾಗಿದೆ. ಇಲ್ಲಿ ಪಾರಾಶರರು ಸೋಲಲಿಲ್ಲ. ಅವರ ಪಕ್ಷಕ್ಕೆ ಒಂದು ದೇಶವನ್ನು ಬಿಟ್ಟುಕೊಟ್ಟಂತಾಯಿತು. ಎಲ್ಲ ನಾಡುಗಳಿಗೂ ಒಂದೇ ಸರಣಿಯನ್ನು ಹೇಳಲು ಹೊರಟ ಶಾಸ್ತ್ರವು, ನಾಡಿನ ಸಮಾಜವು ಎಂತಹುದೆಂದು ಕೇಳಿ ತಿಳಿದಲ್ಲದೆ ಆ ಸರಣಿಯನ್ನು ಪ್ರಯೋಗಿಸಬಾರದೆಂದು ತಾನೇ ಒಪ್ಪಿಕೊಂಡಿದೆ. ಜನಪದಕ್ಕೆ ಮೂರನೆಯ ಸ್ಥಾನವನ್ನು ಕೊಟ್ಟನೆಂಬುದರಿಂದ ಕೌಟಿಲ್ಯನನ್ನು ಪ್ರಜಾಪ್ರಭುತ್ವದ ಆದಿಗುರುವೆಂದು ಹೊಗಳುವವರೂ ಉಂಟು. ಅದು ಅತಿವ್ಯಾಪ್ತಿ. ಆತನ ದೃಷ್ಟಿಯಲ್ಲಿ ಜನಪದವು ಕೋಶದಂಡಗಳ ಬುಡವೆಂಬುದರಿಂದ ಪೂಜ್ಯವಾದುದು. ಬುಡಕ್ಕೆ ನೀರೆರೆಯುವುದು ಫಲದ ಆಸೆಯಿಂದ. ಆದರೂ ಆ ನೀರೆರೆಯುವಿಕೆಯು ಯುದ್ಧಕಾಲದಲ್ಲಿಯೂ ನಿಲ್ಲಬಾರದೆಂಬುದು ಅವನ ನಿಶ್ಚಯ. ಶತ್ರುದುರ್ಗವನ್ನು ಮುತ್ತುವ ವಿಧಾನವನ್ನು ಹೇಳುವ ಹದಿಮೂರನೆಯ ಅಧಿಕರಣದಲ್ಲಿ, ಮುತ್ತಿಗೆ ಹಾಕುವವನು ಆ ನಾಡಿನ ಜನರನ್ನು ಇದ್ದಂತೆಯೇ ಅಭಯದಲ್ಲಿ ಇರಿಸಬೇಕು, ಎದ್ದುಹೋದವರನ್ನು ಅನುಗ್ರಹದಿಂದಲೂ ತೆರಿಗೆಯ ಬಿಡುತಿಯಿಂದಲೂ ಮತ್ತೆ ನೆಲೆಗೊಳಿಸಬೇಕು ಎಂಬ ವಿಧಿಯಿದೆ. ಜನವಿಲ್ಲದುದು ಜನಪದವಾಗದು, ಜನಪದವಿಲ್ಲದುದು ರಾಜ್ಯವಾಗದು ಎಂಬ ಅಭಿಪ್ರಾಯವು ಕೌಟಿಲ್ಯನ ಹೆಸರಿನಲ್ಲಿ ಬಂದಿರುವುದೂ ಅಲ್ಲಿಯೇ. ಪಾರಾಶರರಿಗೆ ಹೇಳಿದ ಉತ್ತರವು ಆಚರಣೆಗೆ ಬಂದಾಗ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸ್ಥಳವು ಗ್ರಂಥದಲ್ಲಿ ದೊರೆಯದು.

ದುರ್ಗಕ್ಕಿಂತ ಕೋಶವು ದೊಡ್ಡದೆಂದ ಪಿಶುನನ ವಾದವನ್ನು ಸಂಕ್ಷೇಪವಾಗಿ ನೋಡಿದರೆ ಸಾಕು. ಕೋಟೆಯನ್ನು ಕಟ್ಟುವುದಕ್ಕೂ ಕಾಯುವುದಕ್ಕೂ ಹಣ ಬೇಕು. ಹಣದಿಂದ ಭೇದೋಪಾಯಮಾಡಿ ಶತ್ರುವಿನ ಕೋಟೆಯನ್ನೂ ಪಡೆಯಬಹುದು. ಆಪತ್ತಿನಲ್ಲಿ ಹಣವನ್ನು ಹೊತ್ತುಕೊಂಡು ಹೋಗಬಹುದು, ಕೋಟೆಯನ್ನು ಹೊತ್ತುಕೊಂಡು ಹೋಗಲಾಗದು. ಚತುರವಾದ ಮಾತು. ಕೋಟೆಯಿಲ್ಲದವನ ಕೋಶವು ಪರರ ಪಾಲಾಗುವುದೆಂದೂ, ದುರ್ಗವುಳ್ಳವರು ನಿರ್ಮೂಲರಾದುದು ಕಂಡಿಲ್ಲವೆಂದೂ ಕೌಟಿಲ್ಯನ ಉತ್ತರ.

ಕೋಶದಂಡಗಳ ವಾದವು ಇನ್ನೂ ಸೂಕ್ಷ್ಮವಾದುದು. ದಂಡವೆಂದರೆ ಇಲ್ಲಿ ಸೈನ್ಯ. ಸೈನ್ಯವಿದ್ದರೆ ಬೊಕ್ಕಸವನ್ನು ಸಂಪಾದಿಸಬಹುದು, ಬೊಕ್ಕಸವಿಲ್ಲದಿದ್ದರೂ ಕಾಡಿನ ಉತ್ಪತ್ತಿಯಿಂದಲೋ ಭೂಮಿಯನ್ನು ಕೊಟ್ಟೋ ಸೈನ್ಯವನ್ನು ಉಳಿಸಿಕೊಳ್ಳಬಹುದು, ಅಥವಾ ಶತ್ರುಭೂಮಿಯನ್ನು ಸೈನ್ಯವೇ ಹಿಡಿದುಕೊಂಡು ಬದುಕಬಹುದು ಎಂದು ಕೌಣಪದಂತನು ಹೇಳುತ್ತಾನೆ. ದಂಡನಾಯಕರಿಗೆ ನಾಡುಗಳನ್ನೇ ಬಿಟ್ಟುಕೊಟ್ಟು ನಡೆದ ಆಳ್ವಿಕೆಗಳನ್ನು ಇತಿಹಾಸದಲ್ಲಿ ಓದಿದವರು ಈ ಪಕ್ಷವನ್ನು ಅಸಂಭಾವ್ಯವೆನ್ನಲಾರರು. ಕೌಟಿಲ್ಯನಾದರೋ ದಂಡದ ಬೇರು ಕೋಶವೇ ಎನ್ನುತ್ತಾನೆ. ಸಂಬಳವಿಲ್ಲದ ಸೈನ್ಯವು ಒಂದೋ ಶತ್ರುವಿನ ಬಳಿಗೆ ಹೋಗುತ್ತದೆ, ಇಲ್ಲವೇ ಒಡೆಯನನ್ನೇ ಕೊಲ್ಲುತ್ತದೆ. ಇಲ್ಲಿಯೂ ಒಂದು ಸಡಿಲಿಕೆಯಿದೆ: ದೇಶ, ಕಾಲ, ಕಾರ್ಯಗಳಿಗನುಸಾರವಾಗಿ ಎರಡರಲ್ಲಿ ಒಂದು ಮುಖ್ಯವಾಗಬಹುದು; ಆದರೆ ಸೈನ್ಯವು ಕೋಶವನ್ನು ಮಾತ್ರ ಗಳಿಸಿ ಕಾಯುತ್ತದೆ, ಕೋಶವು ಕೋಶವನ್ನೂ ದಂಡವನ್ನೂ ಗಳಿಸಿ ಕಾಯುತ್ತದೆ. ಕಡೆಯದಾಗಿ ದಂಡಕ್ಕಿಂತ ಮಿತ್ರನು ಮೇಲೆಂಬ ವಾತವ್ಯಾಧಿಯ ಪಕ್ಷ. ಮಿತ್ರನು ಸಂಬಳವಿಲ್ಲದೆ, ದೂರದಲ್ಲಿದ್ದುಕೊಂಡೇ, ಹಿಂದಿನಿಂದ ಮೇಲೆ ಬೀಳುವ ಪಾರ್ಷ್ಣಿಗ್ರಾಹನನ್ನು ತಡೆಯುತ್ತಾನೆ. ಅದಕ್ಕೆ ಬಂದ ಉತ್ತರವು ನಿಷ್ಠುರವಾಗಿದೆ. ಸೈನ್ಯವುಳ್ಳವನಿಗೆ ಮಿತ್ರನು ಮಿತ್ರನಾಗಿಯೇ ಉಳಿಯುತ್ತಾನೆ, ಶತ್ರುವೂ ಮಿತ್ರನಾಗುತ್ತಾನೆ. ಆಟವಿಕರ ಮೇಲೆ ತ್ವರೆಯಾಗಿ ಹೋಗಬೇಕಾದಾಗಲೂ, ಒಳಗೇ ಕೋಪವೆದ್ದಾಗಲೂ ಮಿತ್ರನು ಒದಗುವುದಿಲ್ಲ. ಇಬ್ಬರಿಗೂ ಒಮ್ಮೆಯೇ ಆಪತ್ತು ಬಂದರೆ ಅವನು ತನ್ನ ಕಾರ್ಯವನ್ನು ನೋಡಿಕೊಳ್ಳುತ್ತಾನೆ.

ಈ ಆರು ಸಂಧಿಗಳಲ್ಲಿ ಎರಡು ಸಲ ಹೆಸರು ಬಂದ ಆಟವಿಕರ ವಿಷಯವನ್ನು ಅದೇ ಅಧಿಕರಣದ ನಾಲ್ಕನೆಯ ಅಧ್ಯಾಯದಲ್ಲಿ ಪ್ರತ್ಯೇಕವಾಗಿ ವಿಚಾರಿಸಿದೆ. ದಾರಿಗಳ್ಳರ ಪೀಡೆ ಹೆಚ್ಚೋ ಕಾಡಿನವರ ಪೀಡೆ ಹೆಚ್ಚೋ ಎಂಬುದು ಅಲ್ಲಿಯ ಸಂಶಯ. ಕಳ್ಳರು ಇರುಳಿನಲ್ಲಿ ಹೊಂಚುಹಾಕಿ ದೇಹದ ಮೇಲೆ ಬೀಳುತ್ತಾರೆ, ನಿತ್ಯವೂ ಇರುತ್ತಾರೆ. ಕಾಡಿನವರು ಗಡಿಯ ಅಡವಿಯಲ್ಲಿ ದೂರವಾಗಿ, ಕಣ್ಣಿಗೆ ಕಾಣುವಂತೆ ತಿರುಗುತ್ತಾರೆ, ಒಂದು ಭಾಗವನ್ನು ಮಾತ್ರ ಪೀಡಿಸುತ್ತಾರೆ. ಆದುದರಿಂದ ಕಳ್ಳರೇ ಹೆಚ್ಚೆಂದು ಹಿಂದಿನ ಆಚಾರ್ಯರು. ರಾಜಧಾನಿಯ ಬೀದಿಯಲ್ಲಿ ವಾಸಿಸುವವನಿಗೆ ಲೋಕವು ಹೀಗೆಯೇ ಕಾಣುವುದು. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ಕಳ್ಳರು ಎಚ್ಚರತಪ್ಪಿದವನನ್ನು ಮಾತ್ರ ಸುಲಿಯುತ್ತಾರೆ. ಅವರು ಸ್ವಲ್ಪ ಜನ, ಸುಲಭವಾಗಿ ಸಿಕ್ಕಿಬೀಳುತ್ತಾರೆ. ಆಟವಿಕರು ತಮ್ಮ ಸ್ವಂತ ನೆಲದಲ್ಲಿ ನಿಂತವರು, ಬಹುಜನರು, ಪರಾಕ್ರಮಿಗಳು, ಬಹಿರಂಗವಾಗಿ ಹೋರಾಡಿ ದೇಶಗಳನ್ನೇ ಅಪಹರಿಸಬಲ್ಲವರು. ಅರಸರಿಗೆ ಸಮಾನವಾದ ಧರ್ಮವುಳ್ಳವರು. ಈ ಕೊನೆಯ ವಿಶೇಷಣವನ್ನು ವಾಚಕರು ಗಮನಿಸಬೇಕು. ಕಾಡಿನವರನ್ನು ಅಪರಾಧಿಗಳ ಸಾಲಿನಿಂದ ತೆಗೆದು ಅರಸರ ಸಾಲಿನಲ್ಲಿ ನಿಲ್ಲಿಸಿದುದರಲ್ಲಿ ಪ್ರೀತಿಯೇನೂ ಇಲ್ಲ. ಭಯವಿದೆ, ಆದರೆ ಭಯದೊಡನೆ ಯಥಾರ್ಥವಾದ ತಿಳಿವಳಿಕೆಯೂ ಇದೆ. ಸ್ವಂತ ನೆಲವೂ ಸ್ವಂತ ಬಲವೂ ಉಳ್ಳ ಜನವನ್ನು ಕಾವಲುಗಾರರಿಂದ ಹಿಡಿಸಲಾಗದು. ಸಂಧಿವಿಗ್ರಹಾದಿಗಳ ವಿಷಯವನ್ನಾಗಿ ಮಾಡಿಕೊಳ್ಳಬೇಕು. ಬೆಂಕಿಗಿಂತ ನೆರೆಯೂ, ವ್ಯಾಧಿಗಿಂತ ದುರ್ಭಿಕ್ಷವೂ ಹೆಚ್ಚೆಂದು ಅಲ್ಲಿಯೇ ಹೇಳಿರುವುದರಲ್ಲಿಯೂ ಇದೇ ಅಳತೆಗೋಲು ಇದೆ. ಬೆಂಕಿಯು ಒಂದು ಊರನ್ನೋ ಅರ್ಧ ಊರನ್ನೋ ಸುಡುತ್ತದೆ, ನೆರೆಯು ನೂರಾರು ಊರುಗಳನ್ನು ಕೊಚ್ಚುತ್ತದೆ. ವ್ಯಾಧಿಯು ಒಂದು ಪ್ರದೇಶಕ್ಕೆ ಬಂದು ಪ್ರತೀಕಾರಕ್ಕೆ ಒಳಗಾಗುತ್ತದೆ, ಬರವು ಇಡೀ ನಾಡಿನ ಜೀವನವನ್ನೇ ಕಳೆಯುತ್ತದೆ.

ಎರಡನೆಯ ಅಧ್ಯಾಯದಲ್ಲಿ ದ್ವೈರಾಜ್ಯವೈರಾಜ್ಯಗಳ ಚರ್ಚೆಯಿದೆ. ಒಂದು ನಾಡನ್ನು ಇಬ್ಬರು ಆಳುವುದು ದ್ವೈರಾಜ್ಯ. ಪರಸ್ಪರದ್ವೇಷದಿಂದ ಅದು ಹಾಳಾಗುವುದು; ಪ್ರಜೆಗಳ ಚಿತ್ತವನ್ನು ಅನುಸರಿಸುವ ವೈರಾಜ್ಯವೇ ವಾಸಿಯೆಂಬುದು ಆಚಾರ್ಯರ ಪಕ್ಷ. ವೈರಾಜ್ಯಶಬ್ದದ ಅರ್ಥವು ವಿವಾದಗ್ರಸ್ತವಾದುದು. ಐತರೇಯಬ್ರಾಹ್ಮಣದಲ್ಲಿ ಬರುವ ಇದೇ ಶಬ್ದಕ್ಕೆ ಜಾಯಸವಾಲರು ಅರಸನಿಲ್ಲದ ರಾಜ್ಯಪದ್ಧತಿಯೆಂದು ಅರ್ಥಮಾಡಿದರು. ಶಾಮಶಾಸ್ತ್ರಿಗಳವರು ಪ್ರಕೃತಸ್ಥಳಕ್ಕೆ ಪರಕೀಯರ ಆಳ್ವಿಕೆಯೆಂದು ಭಾಷಾಂತರಿಸಿದರು. ಕೌಟಿಲ್ಯನ ಉತ್ತರವನ್ನು ನೋಡಿದರೆ ಶಾಸ್ತ್ರಿಗಳವರ ಅರ್ಥವೇ ಪ್ರಕರಣಕ್ಕೆ ಹೊಂದುತ್ತದೆ. ತಂದೆಮಕ್ಕಳೋ ಅಣ್ಣತಮ್ಮಂದಿರೋ ಕೂಡಿ ಆಳಿದರೆ ಇಬ್ಬರ ಯೋಗಕ್ಷೇಮವೂ ಒಂದೇ, ಅಮಾತ್ಯರು ಅವರನ್ನು ಹತೋಟಿಯಲ್ಲಿಡಬಹುದು. ಇನ್ನೊಬ್ಬನು ಬದುಕಿರುವಾಗಲೇ ಅವನ ನಾಡನ್ನು ಕಿತ್ತುಕೊಂಡವನು ಇದು ನನ್ನದಲ್ಲವೆಂದು ತಿಳಿದು ಅದನ್ನು ಬಡವಾಗಿಸುತ್ತಾನೆ, ಸಾರವನ್ನು ಬೇರೆಡೆಗೆ ಸಾಗಿಸುತ್ತಾನೆ, ಸರಕಿನಂತೆ ಮಾರುತ್ತಾನೆ, ಅಥವಾ ಜನರು ವಿರಕ್ತರಾದರೆ ಬಿಟ್ಟುಹೋಗುತ್ತಾನೆ. ಕಿತ್ತುಕೊಂಡವನೊಬ್ಬನಿಲ್ಲದೆ ಈ ವಾಕ್ಯಗಳಿಗೆ ಕರ್ತೃವೇ ಸಿಕ್ಕುವುದಿಲ್ಲ. ೧೯೦೯ರಲ್ಲಿ ಈ ಪಂಕ್ತಿಗಳನ್ನು ಮುದ್ರಣದಲ್ಲಿ ಮೊದಲಬಾರಿಗೆ ಓದಿದ ಭಾರತೀಯರಿಗೆ ಅವು ಯಾರ ವಿಷಯವಾಗಿ ಕಂಡವೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೂ ಶಾಸ್ತ್ರಕಾರನ ಮನಸ್ಸಿನಲ್ಲಿದ್ದವನು ಬಹುಶಃ ನೆರೆನಾಡಿನ ಅರಸನೇ. ಮಂಡಲಸಿದ್ಧಾಂತದಲ್ಲಿ ಎಲ್ಲೆಯ ಆಚೆಯವನೇ ಸಹಜಶತ್ರು. ಪರನೆಂಬ ಶಬ್ದಕ್ಕೆ ಅಲ್ಲಿ ಸಮುದ್ರದಾಚೆಯವನೆಂಬ ಅರ್ಥವು ಬೇಕಾಗಿಲ್ಲ.

ಇನ್ನು ಈ ವಾದಿಗಳು ನಿಜವಾಗಿ ಇದ್ದವರೇ ಎಂಬ ಶಂಕೆಗೆ ಬರಬಹುದು. ಏಳು ಅಂಗಗಳ ನಡುವೆ ಸಂಧಿಗಳು ಆರು. ಆಕ್ಷೇಪಿಸುವವರೂ ಸರಿಯಾಗಿ ಆರು ಮಂದಿ. ಒಬ್ಬೊಬ್ಬರ ಪಾಲಿಗೆ ಒಂದೊಂದೇ ಸಂಧಿ. ಮೊದಲನೆಯ ಅಧಿಕರಣದಲ್ಲಿ ಅಮಾತ್ಯರ ಆಯ್ಕೆಯನ್ನು ಹೇಳುವಲ್ಲಿಯೂ ಇವರೇ ಇದೇ ಕ್ರಮದಲ್ಲಿ ಬರುತ್ತಾರೆ. ಅಲ್ಲಿ ಏಳನೆಯವನಾಗಿ ಬಾಹುದಂತಿಪುತ್ರನು ಕೂಡಿಕೊಳ್ಳುತ್ತಾನೆ. ವ್ಯಸನವಾದದಲ್ಲಿ ಅವನಿಗೆ ಸ್ಥಳವಿಲ್ಲದಿರುವುದಕ್ಕೆ ಏಳನೆಯ ಸಂಧಿಯು ಇಲ್ಲದಿರುವುದೇ ಕಾರಣವೆಂದು ತೋರುತ್ತದೆ. ಅಮಾತ್ಯರ ಆಯ್ಕೆಯಲ್ಲಿಯೂ ರಾಜಪುತ್ರರಕ್ಷಣದಲ್ಲಿಯೂ ಒಬ್ಬೊಬ್ಬನು ತನಗಿಂತ ಹಿಂದಿನವನನ್ನು ಖಂಡಿಸುತ್ತಾನೆ. ಇಲ್ಲಿ ಮಾತ್ರ ಎಲ್ಲರೂ ಒಂದೇ ಸರಣಿಯನ್ನು ಬೇರೆ ಬೇರೆ ಕಡೆಗಳಲ್ಲಿ ಅಲುಗಿಸುತ್ತಾರೆ. ಹೆಸರುಗಳೂ ವಿಚಿತ್ರವಾದುವು: ಪಿಶುನನೆಂದರೆ ಚಾಡಿಕೋರ, ವಾತವ್ಯಾಧಿಯೆಂದರೆ ವಾತರೋಗಿ. ಪಿಶುನನು ನಾರದನೆಂದೂ ಕೌಣಪದಂತನು ಭೀಷ್ಮನೆಂದೂ ವಾತವ್ಯಾಧಿಯು ಉದ್ಧವನೆಂದೂ ವ್ಯಾಖ್ಯಾನಕಾರರು ಸಮಾಧಾನ ಹೇಳುತ್ತಾರೆ. ಇಷ್ಟು ಅಚ್ಚುಕಟ್ಟಾದ ಸಭೆಯು ಎಂದೂ ಕೂಡಿರಲಿಲ್ಲವೆಂದು ಸಂಶಯಪಡುವವರನ್ನು ದೂರುವಂತಿಲ್ಲ.

ಆದರೆ ಜೋಡಣೆಯು ಕೃತಕವಾದ ಮಾತ್ರಕ್ಕೆ ಜೋಡಿಸಿದ ಮತಗಳೂ ಕೃತಕವೆಂದು ಸಿದ್ಧವಾಗುವುದಿಲ್ಲ. ಮಹಾಭಾರತದ ಶಾಂತಿಪರ್ವವು ರಾಜಶಾಸ್ತ್ರಪ್ರಣೇತೃಗಳಲ್ಲಿ ವಿಶಾಲಾಕ್ಷನನ್ನೂ ಭರದ್ವಾಜನನ್ನೂ ಹೇಳುತ್ತದೆ. ಬ್ರಹ್ಮನ ಲಕ್ಷಾಧ್ಯಾಯಗಳ ನೀತಿಶಾಸ್ತ್ರವನ್ನು ಸಂಕ್ಷೇಪಿಸಿದವರ ಕಥೆಯಲ್ಲಿ ಬಾಹುದಂತಕದ ಹೆಸರೂ ಬರುತ್ತದೆ. ಇದಕ್ಕಿಂತ ಬಲವಾದ ಸಾಕ್ಷ್ಯವು ಪ್ರಾರಂಭದಲ್ಲಿ ಹೇಳಿದ ಮನುವಿನ ಶ್ಲೋಕವೇ. ಪುರವನ್ನು ರಾಷ್ಟ್ರಕ್ಕಿಂತ ಮುಂದಿಟ್ಟು, ಹಿಂದಿನದರ ವ್ಯಸನವೇ ದೊಡ್ಡದೆಂದು ಮನುವು ಹೇಳಿದಾಗ ಅವನು ಪಾರಾಶರರ ಪಕ್ಷವನ್ನೇ ಸಿದ್ಧಾಂತವಾಗಿ ಅಂಗೀಕರಿಸಿದಂತಾಯಿತು. ಅವನಿಗೆ ಅದು ಪಾರಾಶರರಿಂದ ಬಂದಿತೋ ಬೇರೊಂದು ಮೂಲದಿಂದ ಬಂದಿತೋ, ಕೋಟೆಯೇ ಮೊದಲೆಂಬ ಒಂದು ಮತವು ಕೌಟಿಲೀಯದ ಹೊರಗೂ ಜೀವಂತವಾಗಿದ್ದಿತೆಂಬುದಕ್ಕೆ ಇಷ್ಟು ಸಾಕು. ವಿಚಿತ್ರವೇನೆಂದರೆ, ಈ ಕ್ರಮವನ್ನು ವಿಧಿಸಿದ ಮನುವೇ ಮುಂದಿನ ಎರಡು ಶ್ಲೋಕಗಳಲ್ಲಿ ಅದನ್ನು ಸಡಿಲಿಸುತ್ತಾನೆ. ಸಂನ್ಯಾಸಿಯ ತ್ರಿದಂಡದಂತೆ ಈ ಅಂಗಗಳು ಒಂದನ್ನೊಂದು ಆತುಕೊಂಡಿವೆ, ಯಾವುದೂ ಹೆಚ್ಚಲ್ಲ. ಯಾವ ಕಾರ್ಯವು ಯಾವುದರಿಂದ ಸಾಧ್ಯವೋ ಆ ಕಾರ್ಯದಲ್ಲಿ ಅದೇ ಶ್ರೇಷ್ಠ. ಕೋಶದಂಡಗಳ ವಿಷಯದಲ್ಲಿ ಕೌಟಿಲ್ಯನು ದೇಶಕಾಲಕಾರ್ಯಗಳಿಗೆ ಬಿಟ್ಟ ಎಡೆಯೂ ಇದೇ. ಇಬ್ಬರೂ ಬೇರೆ ಬೇರೆ ಕ್ರಮಗಳನ್ನು ಹಿಡಿದು ಹೊರಟು, ಕ್ರಮವು ಸಾಲದೆಂಬ ಒಂದೇ ಎಡೆಗೆ ಬಂದು ನಿಂತಿದ್ದಾರೆ.

ಮುಂದಿನ ಗ್ರಂಥಗಳಲ್ಲಿ ಫಲವು ಉಳಿಯಿತು, ವಾದವು ಅಳಿಯಿತು. ಕಾಮಂದಕನು ವಿಷ್ಣುಗುಪ್ತನನ್ನು ವಂದಿಸಿ ಅವನ ಶಾಸ್ತ್ರವನ್ನು ಶ್ಲೋಕಗಳಲ್ಲಿ ಸಂಗ್ರಹಿಸಿದಾಗ, ಮಂಡಲದಲ್ಲಿ ಅರಸರ ಸಂಖ್ಯೆಯೆಷ್ಟೆಂಬ ವಿಷಯದಲ್ಲಿ ಹಿಂದಿನವರ ಮತಭೇದಗಳನ್ನು ಉಳಿಸಿಕೊಂಡನು. ಆರು ಮಂದಿಯ ಈ ವಾದಪಂಕ್ತಿಯನ್ನು ಉಳಿಸಿಕೊಳ್ಳಲಿಲ್ಲ. ಕನ್ನಡನಾಡಿನ ಚರಿತ್ರೆಗೆ ಸಮೀಪವಾದ ಉದಾಹರಣೆಯೆಂದರೆ ಸೋಮದೇವಸೂರಿಯ ನೀತಿವಾಕ್ಯಾಮೃತ. ಆದಿಪಂಪನಿಗೆ ಆಶ್ರಯಕೊಟ್ಟ ಅರಿಕೇಸರಿಯ ಮನೆತನದ ಆಶ್ರಯದಲ್ಲಿಯೇ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ. ಶ. ೯೫೯ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಜೈನಯತಿ ಈತನು. ನೀತಿವಾಕ್ಯಾಮೃತದಲ್ಲಿ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ಬಲ, ಮಿತ್ರ ಎಂಬ ಸಮುದ್ದೇಶಗಳು ಒಂದರ ಹಿಂದೊಂದು ಕೌಟಿಲೀಯದ ಕ್ರಮದಲ್ಲಿಯೇ ಬರುತ್ತವೆ. ಅಲ್ಲಿಯ ವಾಕ್ಯಗಳು ಕಿರಿದಾದ ಸೂತ್ರಗಳು, ಮನಸ್ಸಿನಲ್ಲಿ ನಾಟುವಂತಹವು. ಆದರೆ ಜನಪದವು ಮೂರನೆಯದು ಏಕಾಯಿತೆಂದು ಕೇಳಿದ ವಿದ್ಯಾರ್ಥಿಗೆ ಆ ಸೂತ್ರಗಳಲ್ಲಿ ಉತ್ತರವಿಲ್ಲ. ಪಾರಾಶರರು ಅಲ್ಲಿಗೆ ಬರುವ ದಾರಿಯಲ್ಲಿಯೇ ಮರೆಯಾಗಿದ್ದಾರೆ. ಗಡಿಯಲ್ಲಿ ಉಳುವವನು ಎರಡು ಕಡೆಗೂ ಸಾಧಾರಣನೆಂಬ ಅವರ ಕಹಿಯಾದ ಮಾತೂ, ಕೃಷಿಕರ ನಾಡಿಗೂ ಆಯುಧಜೀವಿಗಳ ನಾಡಿಗೂ ಮಾಡಿದ ವಿವೇಚನೆಯೂ ಅವರೊಡನೆಯೇ ಮರೆಯಾದುವು. ರಾಷ್ಟ್ರಕೂಟಚಾಲುಕ್ಯರ ಸಾಮಂತರ ನಾಡಿನಲ್ಲಿ ಕುಳಿತು ಬರೆದವನಿಗೆ ಆ ವಿವೇಚನೆಯಿಂದ ಉಪಯೋಗವಿಲ್ಲದಿರಲಿಲ್ಲ.

ಮೂಲಗ್ರಂಥವು ಮಾತ್ರ ಈ ವಾದವನ್ನು ತನ್ನ ಕಡೆಯ ಪುಟದವರೆಗೂ ಮರೆಯಲಿಲ್ಲ. ಹದಿನೈದನೆಯದಾದ ತಂತ್ರಯುಕ್ತಿಯೆಂಬ ಅಧಿಕರಣದಲ್ಲಿ ಶಾಸ್ತ್ರರಚನೆಯ ೩೨ ಯುಕ್ತಿಗಳನ್ನು ಲಕ್ಷಣಸಹಿತವಾಗಿ ಹೇಳಿ, ಒಂದೊಂದಕ್ಕೂ ಗ್ರಂಥದೊಳಗಿನಿಂದಲೇ ಉದಾಹರಣೆಯನ್ನು ಕೊಟ್ಟಿದೆ. ನಿರಾಕರಿಸಬೇಕಾದ ವಾಕ್ಯವು ಪೂರ್ವಪಕ್ಷವೆಂಬ ಲಕ್ಷಣಕ್ಕೆ ಅಲ್ಲಿ ಆರಿಸಿಕೊಂಡಿರುವುದು ಅಮಾತ್ಯವ್ಯಸನವೇ ದೊಡ್ಡದೆಂಬ ಭಾರದ್ವಾಜನ ವಾಕ್ಯ. ಅದರ ನಿರ್ಣಯವಾಕ್ಯವಾದ ಉತ್ತರಪಕ್ಷವನ್ನು ಅದರ ಪಕ್ಕದಲ್ಲಿಯೇ ಇಟ್ಟಿದೆ.